ಊರು ಬಿಟ್ಟು ಹೊರಡದ ಕೀಲಿ

ದೂರದ ಕಂಪ್ಯೂಟರಿನೊಳಗೆ ಹೋಗಿ ಕೆಲಸ ಮಾಡುವವರು ಬಹುಕಾಲ ನಂಬಿದ್ದು ಟೆಲ್‌ನೆಟ್ಟನ್ನು. ಟೈಪ್ ಮಾಡಿದ ಪಾಸ್‌ವರ್ಡ್ ಯಾವ ಮುಸುಕೂ ಇಲ್ಲದೆ ತಂತಿಯ ಮೇಲೆ ಹೋಗುತ್ತಿತ್ತು. ನಡುವೆ ಹೊಂಚು ಹಾಕಿ ಕೂತವನಿಗೆ ಓದಿಕೊಳ್ಳುವುದಷ್ಟೇ ಕೆಲಸ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹೀಗೇ ಆಯಿತು. ಅಲ್ಲಿ ಸಂಶೋಧಕರಾಗಿದ್ದ ತಾತು ಯೂಲೋನೆನ್ ರೋಸಿಹೋಗಿ ತಾವೇ ಒಂದು ಪ್ರೋಗ್ರಾಂ ಬರೆದು, ಅದೇ ಜುಲೈನಲ್ಲಿ ಉಚಿತವಾಗಿ ಹಂಚಿದರು. ಅದೇ ಎಸ್‌ಎಸ್‌ಎಚ್. ಕಡತ ಸಾಗಿಸುವ ಎಫ್‌ಟಿಪಿಗೆ 21, ಟೆಲ್‌ನೆಟ್‌ಗೆ 23ನೇ ಪೋರ್ಟ್, ಅಂದರೆ ಸಂಪರ್ಕದ ಬಾಗಿಲು, ಇತ್ತು. ನಡುವಿನ 22 ಖಾಲಿ. ಯೂಲೋನೆನ್ ಅದನ್ನೇ ಕೇಳಿದರು, ಸಿಕ್ಕಿತು. ಯಾರ ಜಾಗಕ್ಕೆ ಬಂದಿತ್ತೋ ಅವರ ಮಧ್ಯದಲ್ಲೇ ಕೂತಿತು!

ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡಿನ ಬದಲು ಒಂದು ಜೋಡಿ ಕೀಲಿಯನ್ನೂ ಬಳಸಬಹುದು. ಈ ಜೋಡಿ ಕೀಲಿಯ ಆಲೋಚನೆ ಎಸ್‌ಎಸ್‌ಎಚ್‌ಗಿಂತ ಹಳೆಯದು. ಸಂಶೋಧಕರಾದ ಡಿಫಿ ಮತ್ತು ಹೆಲ್ಮನ್ 1976ರಲ್ಲೇ ಅದನ್ನು ಮುಂದಿಟ್ಟಿದ್ದರು, ಮರುವರ್ಷ ಆರ್‌ಎಸ್‌ಎ ಎಂಬ ವಿಧಾನ ಬಂತು. ಇಂದು ಎಸ್‌ಎಸ್‌ಎಚ್-ಕೀಜೆನ್ ಎಂಬ ಆಜ್ಞೆ ಕೊಟ್ಟರೆ ಕ್ಷಣದಲ್ಲಿ ಎರಡು ಕಡತಗಳು ಹುಟ್ಟುತ್ತವೆ. ಹೆಸರಿನ ಕೊನೆಗೆ 'ಪಬ್' ಎಂದಿರುವುದು ಸಾರ್ವಜನಿಕ, ಅದನ್ನು ಯಾವ ಸರ್ವರಿಗೆ ಬೇಕಾದರೂ ಕೊಡಿ. ಇನ್ನೊಂದು ಖಾಸಗಿ, ನಿಮ್ಮ ಯಂತ್ರ ಬಿಟ್ಟು ಕದಲಬಾರದು. ಒಳಗೆ ಹೋಗುವಾಗ ನಿಮ್ಮ ಯಂತ್ರ ಆ ಸಂಪರ್ಕಕ್ಕೆ ಮಾತ್ರ ಸೇರಿದ ದತ್ತಾಂಶದ ಮೇಲೆ ಖಾಸಗಿ ಕೀಲಿಯಿಂದ ಸಹಿ ಹಾಕುತ್ತದೆ. ಸರ್ವರ್ ತನ್ನಲ್ಲಿರುವ ಸಾರ್ವಜನಿಕ ಕೀಲಿಯಿಂದ ಸಹಿಯನ್ನು ತಾಳೆ ನೋಡುತ್ತದೆ. ತಂತಿಯ ಮೇಲೆ ಹೋಗುವುದು ಸಹಿಯೇ ಹೊರತು ಖಾಸಗಿ ಕೀಲಿಯಲ್ಲ. ಖಾಸಗಿ ಕಡತವನ್ನು ಬೇರೆಯವರೂ ಓದುವಂತೆ ಬಿಟ್ಟಿದ್ದರೆ ಎಸ್‌ಎಸ್‌ಎಚ್‌ನ ಮುಕ್ತ ರೂಪವಾದ ಓಪನ್‌ಎಸ್‌ಎಸ್‌ಎಚ್ ಗದರಿಸಿ, ಕೀಲಿಯನ್ನು ಮುಟ್ಟುವುದೇ ಇಲ್ಲ. ಹೊಸಬರಿಗೆ ಇದು ಕಿರಿಕಿರಿ. ನನಗಂತೂ ಈ ಶಿಸ್ತು ಇಷ್ಟ.

1999ರಲ್ಲಿ ಓಪನ್‌ಬಿಎಸ್‌ಡಿ ತಂಡದವರು ಹೊರತಂದ ಈ ಓಪನ್‌ಎಸ್‌ಎಸ್‌ಎಚ್ ಮುಂದೆ ಎಲ್ಲೆಡೆ ಹಬ್ಬಿತು.

ಆದರೆ ಕೀಲಿ ಎಷ್ಟೇ ಭದ್ರವಾಗಿ ಕೂತಿದ್ದರೂ ಅದರ ಹುಟ್ಟು ಸರಿಯಿರಬೇಕಲ್ಲ. 2006ರಲ್ಲಿ ಡೆಬಿಯನ್ ಲಿನಕ್ಸಿನವರು, ಪರೀಕ್ಷಾ ಉಪಕರಣವೊಂದು ಎಚ್ಚರಿಕೆ ಕೊಡುತ್ತಿದೆಯೆಂದು ಕೀಲಿ ತಯಾರಿಕೆಗೆ ಬಳಕೆಯಾಗುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದ ಎರಡು ಸಾಲುಗಳನ್ನು ಕಿತ್ತುಹಾಕಿದರು. ಕೀಲಿಗೆ ಬೇಕಾದ ಯಾದೃಚ್ಛಿಕತೆ ಹರಿದುಬರುತ್ತಿದ್ದುದೇ ಅಲ್ಲಿಂದ. ಉಳಿದದ್ದು ಪ್ರೋಗ್ರಾಮಿನ ಪ್ರಕ್ರಿಯಾ ಸಂಖ್ಯೆಯೊಂದೇ, ಅದರ ಮಿತಿ 32,768. ಅಂದರೆ ಒಂದೇ ಬಗೆಯ ಯಂತ್ರದಲ್ಲಿ ಒಂದೇ ಅಳತೆಯ ಕೀಲಿ ಎಷ್ಟು ಜನ ಮಾಡಿಕೊಂಡರೂ ಅಷ್ಟರೊಳಗಿನದೇ ಯಾವುದೋ ಒಂದು ಸಿಗುತ್ತಿತ್ತು! 2008ರ ಮೇ ತಿಂಗಳಲ್ಲಿ ಸಂಗತಿ ಬಯಲಾದಾಗ ಈ ನಡುವೆ ಡೆಬಿಯನ್‌ನಲ್ಲೂ ಅದನ್ನಾಧರಿಸಿದ ಉಬುಂಟುವಿನಲ್ಲೂ ಕೀಲಿ ಮಾಡಿಕೊಂಡಿದ್ದವರೆಲ್ಲ ಅದನ್ನು ಎಸೆದು ಹೊಸದು ಮಾಡಿಕೊಳ್ಳಬೇಕಾಯಿತು.

ಈಗಂತೂ ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್ 2021ರ ಆಗಸ್ಟ್‌ನಿಂದ ಗಿಟ್ ಕೆಲಸಕ್ಕೆ ಖಾತೆಯ ಪಾಸ್‌ವರ್ಡನ್ನೇ ಒಪ್ಪುವುದಿಲ್ಲ. ಟೋಕನ್ ಇಲ್ಲವೇ ಕೀಲಿ ಬೇಕು. ಹೊಸ ಕೀಲಿ ಮಾಡುವವರು ಇಡಿ25519 ಬಗೆಯದನ್ನೇ ಆರಿಸಿ, ಖಾಸಗಿ ಕೀಲಿಯನ್ನು ಕಾಯುವ ಪಾಸ್‌ಫ್ರೇಸ್ ಕೇಳಿದಾಗ ಸುಮ್ಮನೆ ಎಂಟರ್ ಒತ್ತಬೇಡಿ. ಸರ್ವರ್ ನೋಡಿಕೊಳ್ಳುವವರಿಗೂ ಒಂದು ಮಾತು: ಸಾಧಾರಣ ಎಸ್‌ಎಸ್‌ಎಚ್ ಕೀಲಿಗೆ ಅವಧಿ ಎಂಬುದಿಲ್ಲ. ಕೆಲಸ ಬಿಟ್ಟು ಹೋದವರ ಕೀಲಿಯನ್ನು ನೀವಾಗಿ ಅಳಿಸುವವರೆಗೂ ಬಾಗಿಲು ಅವರಿಗೆ ತೆರೆಯುತ್ತಲೇ ಇರುತ್ತದೆ.