ನರದ ದಾರಿ ಬಲ್ಲ ವೈರಸ್ಸು



ಬಾದಾಮಿಯ ಒಂದನೆಯ ಗುಹೆಗೆ ಹೋದವರೆಲ್ಲ ಹದಿನೆಂಟು ಕೈಗಳ ನಟರಾಜನ ಮುಂದೆ ನಿಂತು ಕೈ ಎಣಿಸುತ್ತಾರೆ. ಒಳಗೆ ಕಾಲಿಟ್ಟ ಮೇಲೆ ಕತ್ತೆತ್ತಿ ಚಾವಣಿ ನೋಡುವವರು ಕಡಿಮೆ. ಅಲ್ಲಿ ನಾಗರಾಜನಿದ್ದಾನೆ. ಐದು ಹೆಡೆ, ಮನುಷ್ಯನ ಮುಖ, ಸುರುಳಿ ಸುತ್ತಿದ ಮೈ. ಆರನೆಯ ಶತಮಾನದ ಆ ಸುರುಳಿಯನ್ನು ಕಂಡಾಗಲೆಲ್ಲ ನನಗೆ ನಮ್ಮಜ್ಜಿಯ ನೆನಪು ಬರುತ್ತದೆ.

ಹುನಗುಂದದ ಕಡೆಯ ಹಳ್ಳಿ ನಮ್ಮದು. ಒಂದು ಬೇಸಿಗೆಯಲ್ಲಿ ಅಜ್ಜಿಯ ಎಡ ಪಕ್ಕೆಯ ಮೇಲೆ ನೀರುಗುಳ್ಳೆಗಳ ಸಾಲು ಎದ್ದಿತು. ಬೆನ್ನಿನಿಂದ ಹೊರಟು ಪಕ್ಕೆ ಬಳಸಿ ಎದೆಯ ಕೆಳಗೆ ಬಂದು ನಿಂತಿತು. ನೋಡಿದವರೆಲ್ಲ ಸರ್ಪಸುತ್ತು ಎಂದರು. ಹಾವಿನ ತಲೆ ಬಾಲ ಕೂಡಿದರೆ ಜೀವಕ್ಕೇ ಕುತ್ತು ಎಂದು ಕೆಮ್ಮಣ್ಣು ಕಲಸಿ ಹಚ್ಚಿದರು. ಮೂರು ವಾರದಲ್ಲಿ ಗುಳ್ಳೆಗಳು ಒಣಗಿ ಉದುರಿದವು. ಉರಿ ಮಾತ್ರ ಹೋಗಲಿಲ್ಲ. ಸೆರಗು ತಾಗಿದರೂ "ಕೆಂಡ ಇಟ್ಟಂಗ ಆಕ್ಕೈತಿ" ಅನ್ನುತ್ತಿದ್ದಳು. ಜೀವನವಿಡೀ ಇಳಕಲ್ ಸೀರೆ ಉಟ್ಟವಳು, ಎರಡು ವರ್ಷ ಆ ಪಕ್ಕಕ್ಕೆ ಸೆರಗು ಬಿಡಲೇ ಇಲ್ಲ.

ಇದು ನರನೋವು. ಕಾಲಿಗೆ ಮುಳ್ಳು ಚುಚ್ಚಿದರೆ ನೋವು ಸುದ್ದಿ ತರುತ್ತದೆ. ಮುಳ್ಳು ತೆಗೆದರೆ ಸುದ್ದಿ ನಿಲ್ಲುತ್ತದೆ. ನರವೇ ಕೆಟ್ಟಾಗ ಮುಳ್ಳಿಲ್ಲದೆಯೂ ಸುದ್ದಿ ಬರುತ್ತಲೇ ಇರುತ್ತದೆ. ಸಕ್ಕರೆ ಕಾಯಿಲೆಯವರು ಅಂಗಾಲು ಉರಿ, ಜೋಮು, ಇರುವೆ ಹರಿದಂಗ ಆಗುತ್ತದೆ ಎಂದು ಹೇಳುವುದೂ ಇದನ್ನೇ. ಮೈಕೈ ನೋವಿನ ಸಾಮಾನ್ಯ ಗುಳಿಗೆಗಳಿಗೆ ಇದು ಅಷ್ಟಾಗಿ ಬಗ್ಗುವುದಿಲ್ಲ. ಈ ನೋವನ್ನು ತಗ್ಗಿಸಲು ವಿಜ್ಞಾನಿಗಳು ವೈರಸ್ಸುಗಳನ್ನೇ ಪಳಗಿಸಲು ಹೊರಟ ಕಥೆಯನ್ನು ಇಂದು ಹೇಳಬೇಕೆಂದಿದ್ದೇನೆ.

ಸರ್ಪಸುತ್ತಿನ ಗುಟ್ಟು ಬಿಡಿಸಿದವರಲ್ಲಿ ಮುಖ್ಯರಾದವರು ಒಬ್ಬ ಊರ ಡಾಕ್ಟರು. ಹೆಸರು ಎಡ್ಗರ್ ಹೋಪ್-ಸಿಂಪ್ಸನ್, ಇಂಗ್ಲೆಂಡಿನ ಸೈರೆನ್‌ಸೆಸ್ಟರ್ ಎಂಬ ಸಣ್ಣ ಪಟ್ಟಣದವರು. 1947ರಿಂದ 1962ರವರೆಗೆ, ಹದಿನಾರು ವರ್ಷ, ತಮ್ಮಲ್ಲಿಗೆ ಬಂದ ಒಂದೊಂದು ಸರ್ಪಸುತ್ತನ್ನೂ ದಾಖಲೆ ಪುಸ್ತಕದಲ್ಲಿ ಬರೆದಿಟ್ಟರು. ಒಟ್ಟು 192 ರೋಗಿಗಳು. 1965ರಲ್ಲಿ ಅವರು ಹೇಳಿದ್ದು ಇಷ್ಟು: ಚಿಕ್ಕಂದಿನಲ್ಲಿ ಬಂದುಹೋದ ಸೀತಾಳೆ ಸಿಡುಬಿನ, ಅಂದರೆ ಚಿಕನ್‌ಪಾಕ್ಸಿನ ವೈರಸ್ಸು ನಿಜವಾಗಿ ಹೋಗಿರುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅಡಗಿ ಕೂತಿರುತ್ತದೆ. ವಯಸ್ಸಾಗಿ ಮೈಯ ಕಾವಲು ಸಡಿಲವಾದಾಗ ಎದ್ದು, ಅದೇ ನರದ ಗುಂಟ ಚರ್ಮಕ್ಕೆ ಇಳಿದು ಬರುತ್ತದೆ. ಒಂದು ನರಗಂಟಿನ ಪಾಲಿಗೆ ಮೈಯ ಒಂದು ಬದಿಯ ಪಟ್ಟಿ ಮಾತ್ರ ಬರುವುದರಿಂದ ಗುಳ್ಳೆಗಳು ಸಾಮಾನ್ಯವಾಗಿ ನಡುಗೆರೆಯಲ್ಲೇ ನಿಲ್ಲುತ್ತವೆ. ಅಜ್ಜಿಯ ಹಾವಿನ ತಲೆ ಬಾಲ ಕೂಡದೇ ಹೋದದ್ದು ಈ ಕಾರಣಕ್ಕೆ. ದೊಡ್ಡ ಪ್ರಯೋಗಾಲಯವಿಲ್ಲದೆ, ರೋಗಿಗಳ ಮಾತು ಕೇಳಿ ಬರೆದಿಟ್ಟುಕೊಂಡೇ ಒಬ್ಬ ಡಾಕ್ಟರು ಇಷ್ಟು ದೂರ ಕಂಡರಲ್ಲ, ಅದು ನನಗೆ ಇವತ್ತಿಗೂ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಜ್ವರ ಬಂದಾಗ ತುಟಿಯ ಅಂಚಿನಲ್ಲಿ ಗುಳ್ಳೆ ಏಳಿಸುವ ಹರ್ಪಿಸ್ ಸಿಂಪ್ಲೆಕ್ಸ್ ಇದೇ ಮನೆತನದ್ದು. ಅದು ಚರ್ಮದಿಂದ ನರದ ಎಳೆ ಹಿಡಿದು ಮೇಲೇರಿ, ನರಗಂಟಿನೊಳಗೆ ಸದ್ದಿಲ್ಲದೆ ಕೂರುತ್ತದೆ ಎಂಬುದನ್ನು 1971ರಲ್ಲಿ ಜ್ಯಾಕ್ ಸ್ಟೀವನ್ಸ್ ಮತ್ತು ಮಾರ್ಜರಿ ಕುಕ್ ಇಲಿಗಳಲ್ಲಿ ತೋರಿಸಿದರು. ನೋವಿನ ಸುದ್ದಿ ಚರ್ಮದಿಂದ ಹೊರಟು ಹಾದುಹೋಗುವುದೂ ಇದೇ ನರಗಂಟಿನ ಮೂಲಕ. ಹಾಗಿದ್ದ ಮೇಲೆ, ಇದರ ರೋಗ ತರುವ ಗುಣವನ್ನು ಕಿತ್ತು, ನೋವು ತಗ್ಗಿಸುವ ಒಂದು ಜೀನನ್ನು ಹೊರಿಸಿ ಕಳಿಸಿದರೆ? ಮದ್ದು ತಾನಾಗಿಯೇ ಸರಿಯಾದ ವಿಳಾಸಕ್ಕೆ ಹೋಗಿ ಮುಟ್ಟುತ್ತದೆ.

ವೈರಸ್ಸನ್ನು ಮದ್ದಾಗಿ ಬಳಸುವುದು ನಮ್ಮ ಜನಕ್ಕೆ ಹೊಸತಲ್ಲ. ಹಿರಿಯರು ಸಿಡುಬಿನ ಲಸಿಕೆಗೆ "ದೇವಿ ಹಾಕಿಸೋದು" ಅನ್ನುತ್ತಿದ್ದರು. ಬಾಗಲಕೋಟೆ, ಬಾದಾಮಿ, ಹುನಗುಂದ ಎಲ್ಲ ವಿಜಾಪುರ ಜಿಲ್ಲೆಯೊಳಗೆ, ಮುಂಬೈ ಪ್ರಾಂತದಲ್ಲಿದ್ದ ಕಾಲ ಅದು. ಆ ಪ್ರಾಂತಕ್ಕೆ ಸಿಡುಬಿನ ಲಸಿಕೆ ತಯಾರಿಸುತ್ತಿದ್ದ ಸಂಸ್ಥೆ ಬೆಳಗಾವಿಯಲ್ಲಿತ್ತು. ಟಿಳಕವಾಡಿಯ ಆ ಜಾಗವನ್ನು ಜನ ಈಗಲೂ ವ್ಯಾಕ್ಸಿನ್ ಡಿಪೋ ಎಂದೇ ಕರೆಯುತ್ತಾರೆ. ಕರುಗಳ ಮೈಮೇಲೆ ಬೆಳೆಸಿದ, ಜೀವವಿರುವ ಒಂದು ಸೌಮ್ಯ ವೈರಸ್ಸನ್ನು ತೋಳಿಗೆ ಗೀರಿ, ಕೊಲ್ಲುವ ವೈರಸ್ಸನ್ನು ತಡೆದರು. 1975ರ ಹೊತ್ತಿಗೆ ಸಿಡುಬು ನಮ್ಮ ದೇಶ ಬಿಟ್ಟಿತು. ಹಿರಿಯರ ತೋಳಿನ ಮೇಲಿನ ಆ ದುಂಡು ಕಲೆ ಒಂದು ವೈರಸ್ಸು ಮಾಡಿದ ಉಪಕಾರದ ಗುರುತು.

ವೈರಸ್ಸಿನ ಒಳಗನ್ನೇ ಬದಲಿಸುವುದು ಬೇರೆ ಕಸಬು. ಅದಕ್ಕೆ ಮೊದಲು ಒಳಗೆ ಏನು ಬರೆದಿದೆ ಎಂದು ಓದಬೇಕು. ಇಲ್ಲಿ ನಮ್ಮ ರಾಜ್ಯದ ನಂಟೊಂದು ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಮಾಡಿ ಅಮೆರಿಕಕ್ಕೆ ಹೋದ ಅರುಣ್ ಶ್ರೀವಾಸ್ತವ ಅವರು 1983ರಲ್ಲಿ, ಕೆನ್ನೆತ್ ಬರ್ನ್ಸ್ ಮೊದಲಾದವರ ಜೊತೆ, ಎ.ಎ.ವಿ. ಎಂಬ ಪುಟ್ಟ ವೈರಸ್ಸಿನ ಜೀನುಗಳ ಬರಹವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಪ್ರಕಟಿಸಿದರು. 1965ರಲ್ಲಿ ಬೇರೊಂದು ವೈರಸ್ಸಿನ ಜೊತೆ ಕಲಬೆರಕೆಯಾಗಿ ಸಿಕ್ಕಿದ್ದು ಅದು. ಮನುಷ್ಯರಿಗೆ ಅದರಿಂದ ಯಾವ ಕಾಯಿಲೆಯೂ ಬರುವುದು ಕಂಡಿಲ್ಲ. ಒಟ್ಟು ಬರಹ ಸುಮಾರು 4,700 ಅಕ್ಷರ. ಹರ್ಪಿಸ್‌ನದು ಒಂದೂವರೆ ಲಕ್ಷ.

ಈ ವೈರಸ್ಸನ್ನು ಹೇಗೆ ಮಾರ್ಪಡಿಸುತ್ತಾರೆ ಎಂಬುದು ಇಳಕಲ್ಲಿನ ನೇಕಾರರಿಗೆ ಬೇಗ ತಿಳಿದೀತು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ಎ.ಎ.ವಿ.ಯಲ್ಲಿ ಎರಡು ತುದಿಗಳನ್ನು, ತಲಾ 145 ಅಕ್ಷರ, ಹಾಗೇ ಉಳಿಸಿಕೊಂಡು ನಡುವಿನ ಒಡಲನ್ನು ಪೂರಾ ತೆಗೆಯುತ್ತಾರೆ. ಆ ಜಾಗದಲ್ಲಿ ಮನುಷ್ಯರಿಗೆ ಬೇಕಾದ ಜೀನನ್ನು ಕೊಂಡಿ ಹಾಕುತ್ತಾರೆ. ತುದಿಗಳಿದ್ದರೆ ಸಾಕು, ವೈರಸ್ಸಿನ ಕವಚ ಅದನ್ನು ತನ್ನದೇ ಎಂದು ತುಂಬಿಕೊಳ್ಳುತ್ತದೆ. ಒಡಲು ಹೋದದ್ದರಿಂದ ಅದು ಮರಿ ಹಾಕಲಾರದು. ಮಗ್ಗಕ್ಕೆ ಪನ್ನ ಇಷ್ಟೇ ಎಂದು ಇರುವಂತೆ ಇದಕ್ಕೂ ಮಿತಿಯಿದೆ: ದೊಡ್ಡ ಜೀನು ಇದರಲ್ಲಿ ಹಿಡಿಸುವುದಿಲ್ಲ.

1990ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ನಾಲ್ಕು ವರ್ಷದ ಹುಡುಗಿಗೆ, ಬೇರೆ ಬಗೆಯ ಒಂದು ವೈರಸ್ಸಿಗೆ ಜೀನು ಹೊರಿಸಿ, ಜೀನ್ ಚಿಕಿತ್ಸೆ ಕೊಟ್ಟರು. ಜಗತ್ತು ಹಿಗ್ಗಿತು. ಒಂಬತ್ತು ವರ್ಷಕ್ಕೆ ದುಃಖ ಬಂತು. 1999ರ ಸೆಪ್ಟೆಂಬರ್ 17ರಂದು ಜೆಸ್ಸಿ ಗೆಲ್ಸಿಂಗರ್ ಎಂಬ ಹದಿನೆಂಟರ ಹುಡುಗ ಪೆನ್ಸಿಲ್ವೇನಿಯಾದಲ್ಲಿ ತೀರಿಕೊಂಡ. ಜೀನ್ ಚಿಕಿತ್ಸೆಗೆಂದು ಅವನಿಗೆ ಕೊಟ್ಟಿದ್ದ ಅಡಿನೋವೈರಸ್ಸೆಂಬ ಇನ್ನೊಂದು ವೈರಸ್ಸಿನ ವಿರುದ್ಧ ಅವನ ಮೈಯೇ ದಂಗೆ ಎದ್ದಿತ್ತು. ಜೀನ್ ಚಿಕಿತ್ಸೆಯ ಬಗ್ಗೆ ಮಾತಾಡುವ ಯಾರೂ ಈ ಹುಡುಗನನ್ನು ಬಿಟ್ಟು ಮುಂದೆ ಹೋಗಬಾರದು. ಆಮೇಲೆ ಬಂದ ಬಿಗಿ ನಿಯಮಗಳಲ್ಲಿ ಅವನ ಪಾಲಿದೆ.

ಅದೇ 1999ರಲ್ಲಿ ನೋವಿನ ಕಡೆಯ ಕೆಲಸ ಇಲಿಗಳಲ್ಲಿ ಫಲ ಕೊಟ್ಟಿತು. ನಮ್ಮ ಮೈಯೇ ಅಫೀಮಿನಂಥ ಒಂದು ಪದಾರ್ಥವನ್ನು ತಯಾರಿಸಿಕೊಳ್ಳುತ್ತದೆ, ಹೆಸರು ಎಂಕೆಫಲಿನ್. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಜಾನ್ ಹ್ಯೂಸ್, ಹಾನ್ಸ್ ಕಾಸ್ಟರ್ಲಿಟ್ಜ್ ಅದನ್ನು ಹಂದಿಯ ಮಿದುಳಿನಿಂದ ಬೇರ್ಪಡಿಸಿದ್ದರು. ಆ ಪದಾರ್ಥದ ಜೀನನ್ನು ಹರ್ಪಿಸ್ ವೈರಸ್ಸಿಗೆ ಹೊರಿಸಿ ಚರ್ಮಕ್ಕೆ ಬಿಟ್ಟಾಗ ಇಲಿಗಳ ನೋವು ತಗ್ಗಿತು. ಡೇವಿಡ್ ಫಿಂಕ್, ಜೋಸೆಫ್ ಗ್ಲೊರಿಯೊಸೊ ಮತ್ತವರ ಜೊತೆಗಾರರು ಇದನ್ನು ಮನುಷ್ಯರವರೆಗೆ ತಂದರು. ಕ್ಯಾನ್ಸರಿನ ತಡೆಯಲಾರದ ನೋವಿನಲ್ಲಿದ್ದ ಹತ್ತು ಜನ ಅದಕ್ಕೆ ಒಪ್ಪಿದರು. ವೈರಸ್ಸು ಇಮ್ಮಡಿಯಾಗದಂತೆ ಮಾಡಿ, ನೋವಿದ್ದ ಭಾಗದ ಚರ್ಮಕ್ಕೆ ಚುಚ್ಚಿದರು. 2011ರಲ್ಲಿ ಫಲಿತಾಂಶ ಹೊರಬಂತು: ಗಂಭೀರ ಅಡ್ಡಪರಿಣಾಮವಿಲ್ಲ, ಹೆಚ್ಚಿನ ಪ್ರಮಾಣ ಪಡೆದವರ ನೋವು ನಾಲ್ಕು ವಾರ ಬಹಳ ಮಟ್ಟಿಗೆ ಇಳಿದಿತ್ತು. ಆದರೆ ಅಲ್ಲಿ ಹೋಲಿಸಿ ನೋಡಲು ಬರೀ ನೀರಿನ ಚುಚ್ಚುಮದ್ದು ಪಡೆದವರು ಇರಲಿಲ್ಲ. ಮುಂದಿನ ಹಂತದಲ್ಲಿ ಹಾಗೆ ಹೋಲಿಸಿದಾಗ ನಿರೀಕ್ಷಿಸಿದ ವ್ಯತ್ಯಾಸ ಕಾಣಲಿಲ್ಲ. ಆ ಮದ್ದು ಅಂಗಡಿಗೆ ಬರಲೇ ಇಲ್ಲ. ನೋವು ಮನಸ್ಸಿನ ಭರವಸೆಗೂ ಇಳಿಯುತ್ತದೆ. ಅದಕ್ಕೇ ನೋವಿನ ಮದ್ದನ್ನು ಸಾಬೀತು ಮಾಡುವುದು ಇಷ್ಟು ಕಷ್ಟ.

ಇನ್ನೊಂದು ದಾರಿ ನಮ್ಮ ನೆರೆಯಲ್ಲೇ ತೆರೆಯಿತು. ಪಾಕಿಸ್ತಾನದ ಬೀದಿಗಳಲ್ಲಿ ತೋಳಿಗೆ ಚಾಕು ಚುಚ್ಚಿಕೊಂಡು, ಕೆಂಡ ತುಳಿದು ಆಟ ತೋರಿಸುತ್ತಿದ್ದ ಒಬ್ಬ ಹುಡುಗನಿದ್ದ. ಅವನಿಗೆ ನೋವೆಂಬುದೇ ಗೊತ್ತಿರಲಿಲ್ಲ. ಹದಿನಾಲ್ಕು ತುಂಬುವ ಮೊದಲೇ ಮಾಳಿಗೆಯಿಂದ ಹಾರಿ ಸತ್ತ. ಅವನ ಸಂಬಂಧಿಕರಲ್ಲಿ ಅದೇ ಲಕ್ಷಣವಿದ್ದ ಮಕ್ಕಳನ್ನು ಪರೀಕ್ಷಿಸಿ, 2006ರಲ್ಲಿ ಕೇಂಬ್ರಿಜ್‌ನ ಜೆಫ್ರಿ ವುಡ್ಸ್ ತಂಡ ಕಾರಣ ಹೇಳಿತು: ನೋವಿನ ನರಗಳಲ್ಲಿ ಸೋಡಿಯಂ ಹಾಯುವ ಒಂದು ಬಾಗಿಲಿನ ಜೀನು ಅವರಲ್ಲಿ ಕೆಟ್ಟಿತ್ತು. ಆ ಬಾಗಿಲಿನ ಹೆಸರು ನಾವ್ 1.7. ಆ ಕುಟುಂಬಗಳಲ್ಲಿ ರಕ್ತಸಂಬಂಧದ ಮದುವೆಗಳಿದ್ದವು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಸೀಮೆಯಲ್ಲಿ ಈ ಮಾತನ್ನು ಗಮನವಿಟ್ಟು ಕೇಳಬೇಕು. ತಂದೆತಾಯಿ ಇಬ್ಬರೂ ಒಂದೇ ದೋಷದ ಜೀನನ್ನು ಹೊತ್ತಿದ್ದರೆ ಮಗುವಿಗೆ ಜೋಡಿ ದೋಷ ಬೀಳುವ ಸಾಧ್ಯತೆ ಇಂಥ ಮದುವೆಗಳಲ್ಲಿ ಹೆಚ್ಚು.

2021ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ಆನಾ ಮೊರೆನೊ, ಪ್ರಶಾಂತ್ ಮಾಲಿ ಮತ್ತವರ ತಂಡ ಆ ಬಾಗಿಲನ್ನು ಇಲಿಗಳಲ್ಲಿ ತಾವೇ ಮುಚ್ಚಿ ನೋಡಿತು. ಜೀನನ್ನು ಕತ್ತರಿಸದೆ, ಅದರ ದನಿಯನ್ನಷ್ಟೇ ತಗ್ಗಿಸುವ ಸಾಧನವನ್ನು ಎ.ಎ.ವಿ.ಗೆ ತುಂಬಿ ಬೆನ್ನುಹುರಿಯ ನೀರಿಗೆ ಬಿಟ್ಟರು. ಕ್ಯಾನ್ಸರ್ ಮದ್ದಿನಿಂದ ಹುಟ್ಟಿದ ನರನೋವು ವಾರಗಟ್ಟಲೆ ತಗ್ಗಿತು. ಇಲಿಗಳ ನಡಿಗೆ ಕೆಡಲಿಲ್ಲ. ಮರುವರ್ಷ ಅದೇ ಊರಿನ ಮಾರ್ಟಿನ್ ಮಾರ್ಸಲಾ ತಂಡ, ತೊಡೆಯ ನರಕ್ಕೆ ಪೆಟ್ಟಾದ ಇಲಿಗಳ ಬೆನ್ನುಹುರಿಗೆ ಎರಡು ಜೀನುಗಳನ್ನು ಕಳಿಸಿತು. ನರಗಳ ಆರ್ಭಟಕ್ಕೆ ಕಡಿವಾಣ ಹಾಕುವ ಗಾಬಾ ಎಂಬ ಪದಾರ್ಥವನ್ನು ಅಲ್ಲಿಯೇ ಹುಟ್ಟಿಸುವ ಜೀನುಗಳವು. ಎರಡು ತಿಂಗಳಿಗೂ ಮಿಕ್ಕಿ ನೋವು ಹತೋಟಿಯಲ್ಲಿತ್ತು.

ಇವೆಲ್ಲ ಇಲಿಗಳ ಮಾತು. ಮನುಷ್ಯರ ನರಕ್ಕೆ ಎ.ಎ.ವಿ. ಹೋಗಿ ಕೆಲಸ ಮಾಡಿದ ದೃಷ್ಟಾಂತ ಬೇಕೆಂದರೆ ನೀವು ಅದನ್ನು ಸುದ್ದಿಯಲ್ಲಿ ಕೇಳಿಯೇ ಇದ್ದೀರಿ: ಹದಿನಾರು ಕೋಟಿ ರೂಪಾಯಿಯ ಇಂಜೆಕ್ಷನ್. ಎಸ್.ಎಂ.ಎ. ಎಂಬ ಕಾಯಿಲೆಯಲ್ಲಿ ಕೂಸುಗಳ ಸ್ನಾಯು ಕುಣಿಸುವ ನರಕೋಶಗಳು ಸಾಯುತ್ತವೆ. ಜೋಲ್ಗೆನ್ಸ್ಮಾ ಎಂಬ ಆ ಮದ್ದು 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದಕ್ಕಾಗಿ ಕರ್ನಾಟಕದ ತಂದೆತಾಯಿಗಳು ಜನರ ಮುಂದೆ ಸೆರಗೊಡ್ಡಿದ್ದಾರೆ, ಜನ ಕೊಟ್ಟಿದ್ದಾರೆ. ಒಂದು ಕೂಸಿನ ನರ ಉಳಿಸಲು ಊರೂರು ಚಂದಾ ಎತ್ತಬೇಕಾದ ಸ್ಥಿತಿ ಅನ್ಯಾಯವೆಂದೇ ನಾನು ತಿಳಿಯುತ್ತೇನೆ. ಬೆಲೆ ಇಳಿಯಬೇಕಾದರೆ ಈ ಕಸಬು ನಮ್ಮಲ್ಲೇ ನೆಲೆಯೂರಬೇಕು. ಅದು ಶುರುವಾಗಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ರಕ್ತ ಹೆಪ್ಪುಗಟ್ಟದ ಹಿಮೊಫಿಲಿಯಾ ಇದ್ದ ಐವರಿಗೆ ಲೆಂಟಿವೈರಸ್ ಎಂಬ ವಾಹಕದಿಂದ ಜೀನ್ ಚಿಕಿತ್ಸೆ ಕೊಟ್ಟ ವಿವರವನ್ನು 2024ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ, ರೋಗಿಯ ರಕ್ತಕಣಗಳನ್ನೇ ಮಾರ್ಪಡಿಸಿ ಕ್ಯಾನ್ಸರಿನ ಮೇಲೆ ಬಿಡುವ ಚಿಕಿತ್ಸೆಯನ್ನು 2025ರ ಜನವರಿಯಲ್ಲಿ ತಂದಿತು. ಅಲ್ಲಿಯೂ ವಾಹಕ ಲೆಂಟಿವೈರಸ್ಸೇ.

ನರನೋವಿಗೆ ಇಂಥ ವೈರಸ್ ಮದ್ದು ಒಪ್ಪಿಗೆ ಪಡೆದು ಇವತ್ತಿಗೆ ಜಗತ್ತಿನಲ್ಲಿ ಎಲ್ಲಿಯೂ ಮಾರಾಟಕ್ಕಿಲ್ಲ. ಬಾಗಲಕೋಟೆಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಯಾರಾದರೂ ಜೀನ್ ಚಿಕಿತ್ಸೆಯಿಂದ ಕಾಲುರಿ ತೆಗೆಯುತ್ತೇವೆ ಎಂದು ದುಡ್ಡು ಕೇಳಿದರೆ ಕೊಡಬೇಡಿ. ಗಾಬಾಪೆಂಟಿನ್, ಅಮಿಟ್ರಿಪ್ಟಿಲಿನ್‌ನಂಥ ಗುಳಿಗೆಗಳು ನರನೋವನ್ನು ಅನೇಕರಲ್ಲಿ ತಗ್ಗಿಸುತ್ತವೆ, ವೈದ್ಯರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಬೇಕು. ಸಕ್ಕರೆ ಕಾಯಿಲೆ ಇದ್ದವರು ದಿನಾ ರಾತ್ರಿ ಅಂಗಾಲು ನೋಡಿಕೊಳ್ಳಿ. 50 ದಾಟಿದವರಿಗೆ ಸರ್ಪಸುತ್ತಿನ ಲಸಿಕೆ 2023ರಿಂದ ನಮ್ಮ ದೇಶದಲ್ಲೂ ಇದೆ. ದುಬಾರಿಯಾದರೂ ವೈದ್ಯರನ್ನು ಕೇಳಿ ನೋಡಿ.

ಇನ್ನು ಮನೆಯಲ್ಲಿ ಯಾರಿಗಾದರೂ ಮೈಯ ಒಂದೇ ಬದಿಗೆ ಉರಿಯೆದ್ದು ಗುಳ್ಳೆಗಳ ಸಾಲು ಮೂಡಿದರೆ, ಕೆಮ್ಮಣ್ಣು ಕಲಸುತ್ತ ಕೂರಬೇಡಿ. ವೈರಸ್ಸನ್ನು ತಡೆಯುವ ಎಸೈಕ್ಲೊವಿರ್‌ನಂಥ ಗುಳಿಗೆ ಗುಳ್ಳೆ ಕಂಡ 72 ತಾಸಿನೊಳಗೆ ಶುರುವಾದರೆ ಹೆಚ್ಚು ಫಲ. ಬಾದಾಮಿಯವರು, ಹುನಗುಂದದವರು, ಇಳಕಲ್ಲಿನವರು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಅದೇ ದಿನ ಹೋಗಿ. ಕಣ್ಣಿನ ಸುತ್ತ ಗುಳ್ಳೆ ಬಂದಿದ್ದರೆ ಒಂದು ತಾಸೂ ತಡ ಮಾಡದೆ ಕಣ್ಣಿನ ವೈದ್ಯರಿರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ.