ಕಾಕ್‌ಪಿಟ್‌ನಿಂದ ಇಳಿದಾಗ ಎದುರಿಗೆ ಪೊಲೀಸ್ ನಿಂತಿದ್ದರೆ

ನನ್ನ ಊರು ತೀರ್ಥಹಳ್ಳಿ ಕಡೆ, ಇಪ್ಪತ್ತೆರಡು ವರ್ಷದಿಂದ ಇರೋದು ಮುಂಬೈನಲ್ಲಿ, ಕೆಲಸ ವಿಮಾನ ಹಾರಿಸೋದು. ಮನೆಗೆ ಬಂದ ನೆಂಟರೆಲ್ಲ ಟೇಕಾಫ್ ಹೇಗೆ, ಲ್ಯಾಂಡಿಂಗ್ ಹೇಗೆ ಅಂತ ಕೇಳ್ತಾರೆ. ಇಳಿದ ಮೇಲೆ ಏನಾಗುತ್ತೆ ಅಂತ ಯಾರೂ ಕೇಳಲ್ಲ. ಇವತ್ತು ಅದನ್ನೇ ಹೇಳ್ತೀನಿ. ನಾನು ವಕೀಲ ಅಲ್ಲ. ಒಂದು ಸಲ ಪೆಟ್ಟು ತಿಂದು, ಆಮೇಲೆ ಕೂತು ಕಾನೂನು ಓದಿದವನು.

2016ರ ಜುಲೈ. ಮಳೆಗಾಲದ ರಾತ್ರಿ. ಇಳಿಯೋದಕ್ಕೆ ಇಪ್ಪತ್ತು ನಿಮಿಷ ಇದ್ದಾಗ ಮೋಡದೊಳಗೆ ಒಂದು ಜೋರಾದ ಕುಲುಕು. ನಾನು ಸೀಟ್ ಬೆಲ್ಟ್ ಸೈನ್ ಮೊದಲೇ ಹಾಕಿದ್ದೆ, ಸಿಬ್ಬಂದಿಗೂ ಕೂತ್ಕೊಳ್ಳಿ ಅಂತ ಮೈಕ್‌ನಲ್ಲಿ ಹೇಳಿದ್ದೆ. ಒಬ್ಬ ಪ್ರಯಾಣಿಕರು ಟಾಯ್ಲೆಟ್‌ಗೆ ಹೋಗಲು ಎದ್ದಿದ್ದರು. ಬಿದ್ದರು, ಹೆಗಲಿನ ಮೂಳೆ ಮುರಿಯಿತು. ಇಳಿದೆವು, ಆಂಬುಲೆನ್ಸ್ ಬಂತು, ಅವರ ಮನೆಯವರು ಅಲ್ಲೇ ಠಾಣೆಗೆ ದೂರು ಕೊಟ್ಟರು. ಊರಿನ ಹೆಸರು ಬೇಡ.

ರಾತ್ರಿ ಒಂದು ಗಂಟೆ ಹೊತ್ತಿಗೆ ಒಬ್ಬ ಸಬ್ ಇನ್‌ಸ್ಪೆಕ್ಟರ್ ಬಂದರು. ಒಳ್ಳೆಯ ಮನುಷ್ಯರೇ, ಚಹಾ ತರಿಸಿದರು. ಹನ್ನೊಂದು ಗಂಟೆ ಡ್ಯೂಟಿ ಮುಗಿಸಿದ ನಾನು ಅರೆನಿದ್ದೆಯಲ್ಲಿ ಎಲ್ಲ ಹೇಳಿದೆ. ಅವರು ಅವರ ಭಾಷೆಯಲ್ಲಿ ಬರೆದುಕೊಂಡರು. ಆ ಲಿಪಿ ನನಗೆ ಓದೋಕೆ ಬರಲ್ಲ. ಕೊನೆಗೆ, "ಸರ್, ಇಲ್ಲೊಂದು ಸೈನ್ ಮಾಡಿ, ಫಾರ್ಮಾಲಿಟಿ" ಅಂದರು. ಮಾಡಿದೆ. ಪಕ್ಕದಲ್ಲಿದ್ದ ಕೋ-ಪೈಲಟ್ ಹುಡುಗನಿಗೂ "ಮಾಡಪ್ಪಾ, ಮನೆಗೆ ಹೋಗೋಣ" ಅಂದೆ. ಇವತ್ತಿಗೂ ನನಗೆ ಚುಚ್ಚೋದು ಆ ಎರಡನೇ ಸಹಿ.

ಕಾಗದದಲ್ಲಿ ಏನಿತ್ತು ಅಂತ ಮೂರು ವಾರದ ಮೇಲೆ ತಿಳೀತು. "ಕುಲುಕು ಬಂದ ನಂತರ ಸೀಟ್ ಬೆಲ್ಟ್ ಸೈನ್ ಹಾಕಲಾಯಿತು" ಅಂತ ಬರೆದಿತ್ತು. ಬೇಕಂತ ಬರೆದರೋ, ನನ್ನ ಹಿಂದಿ ಅವರಿಗೆ ಅರ್ಥವಾಗಲಿಲ್ಲವೋ, ಹೇಳಲಾರೆ. ಆದರೆ ಕಂಪನಿಯ ವಿಚಾರಣೆಯಲ್ಲಿ ಆ ಕಾಗದದ ಪ್ರತಿ ಮೇಜಿನ ಮೇಲಿತ್ತು, ಕೆಳಗೆ ನಮ್ಮಿಬ್ಬರ ಸಹಿ ಇತ್ತು. ಇಬ್ಬರೂ ಹಾರಾಟದಿಂದ ಹೊರಗೆ. ಹುಡುಗನಿಗೆ ಆಗಷ್ಟೇ ಮದುವೆ ಗೊತ್ತಾಗಿತ್ತು, ಟ್ರೇನಿಂಗ್ ಸಾಲದ ಕಂತು ನಡೀತಿತ್ತು.

ನಮ್ಮನ್ನು ಉಳಿಸಿದ್ದು ಕಾಕ್‌ಪಿಟ್ ವಾಯ್ಸ್ ರೆಕಾರ್ಡರ್. ನಿಲ್ಲಿಸಿದ ಕೂಡಲೇ ಅದರ ಬ್ರೇಕರ್ ಎಳೆದಿದ್ದೆ, ಹಾಗಾಗಿ ಹಳೆಯ ಧ್ವನಿ ಅಳಿಸಿಹೋಗಿರಲಿಲ್ಲ. ಸಿಬ್ಬಂದಿಗೆ ಕೂತ್ಕೊಳ್ಳಿ ಅಂದ ನನ್ನ ಮಾತು, ಆಮೇಲೆ ಕುಲುಕು, ಎಲ್ಲ ಅದರಲ್ಲಿ ಆ ಕ್ರಮದಲ್ಲೇ ಇತ್ತು. ಅದು ಇರದಿದ್ದರೆ?

ಈಗ ವಿಷಯಕ್ಕೆ ಬರೋಣ. ಅವತ್ತು ಇದ್ದದ್ದು ಸಿಆರ್‌ಪಿಸಿ. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಬಿಎನ್‌ಎಸ್‌ಎಸ್ ಬಂದಿದೆ. ಸೆಕ್ಷನ್ ನಂಬರ್ ಬದಲಾದವು, ಮೂಲ ಹಕ್ಕುಗಳು ಉಳಿದಿವೆ.

ಮೊದಲು, ಎದುರಿಗೆ ನಿಂತವರು ಯಾರು ಅಂತ ನೋಡಿ. ಖಾಕಿ ಕಂಡರೆ ಎಲ್ಲ ಒಂದೇ ಅಲ್ಲ. ಗೇಟ್‌ನಲ್ಲಿ, ಸೆಕ್ಯುರಿಟಿಯಲ್ಲಿ ನಿಂತಿರೋದು ಸಿಐಎಸ್‌ಎಫ್. 1999ರ ಕಂದಹಾರ್ ಅಪಹರಣದ ನಂತರ, 2000ದಿಂದ ವಿಮಾನ ನಿಲ್ದಾಣಗಳ ಕಾವಲು ಅವರ ಕೈಗೆ ಬಂತು. ಅವರು ತಡೆದು ನಿಲ್ಲಿಸಬಹುದು, ಹಿಡಿಯಬಹುದು, ಆದರೆ ಹಿಡಿದವರನ್ನು ಸ್ಥಳೀಯ ಪೊಲೀಸರಿಗೆ ಒಪ್ಪಿಸಬೇಕು. ಎಫ್‌ಐಆರ್ ಹಾಕೋದು, ತನಿಖೆ ಮಾಡೋದು ರಾಜ್ಯದ ಪೊಲೀಸರು, ದೆಹಲಿಯಲ್ಲಾದರೆ ದೆಹಲಿ ಪೊಲೀಸರು. ಲೈಸೆನ್ಸ್ ವಿಷಯ ಡಿಜಿಸಿಎದ್ದು. ನಿಮ್ಮ ಲೈಸೆನ್ಸ್ ಅಮಾನತು ಮಾಡುವ ಅಧಿಕಾರ ಠಾಣೆಗೆ ಇಲ್ಲ. ಅಪಘಾತದ ಕಾರಣ ಹುಡುಕೋದು ಎಎಐಬಿ. ಅಂತಾರಾಷ್ಟ್ರೀಯ ನಿಯಮವಾದ ಐಸಿಎಒ ಅನೆಕ್ಸ್ 13ರ ಪ್ರಕಾರ ಆ ತನಿಖೆಯ ಗುರಿ ಮುಂದಿನ ಅಪಘಾತ ತಡೆಯೋದು, ತಪ್ಪು ಹೊರಿಸೋದಲ್ಲ. ಪೊಲೀಸ್ ತನಿಖೆಯ ಗುರಿ ಬೇರೆ. ಒಬ್ಬರಿಗೆ ಹೇಳಿದ ಹಾಗೆಯೇ ಇನ್ನೊಬ್ಬರಿಗೂ ಹೇಳ್ತಾ ಹೋದರೆ ಕಷ್ಟ.

ಎರಡನೆಯದು, ಒಂದು ಪ್ರಶ್ನೆ ಕೇಳಿ: "ಸರ್, ನಾನು ಸಾಕ್ಷಿನಾ, ಆರೋಪಿನಾ?" ವಿನಯವಾಗಿ ಕೇಳಿ, ಆದರೆ ಕೇಳಲೇಬೇಕು. ಪ್ರಯಾಣಿಕರು ಗಲಾಟೆ ಮಾಡಿದಾಗ ನಾವು ದೂರುದಾರರು ಅಥವಾ ಸಾಕ್ಷಿಗಳು. 2024ರ ಜನವರಿಯಲ್ಲಿ ದೆಹಲಿಯಲ್ಲಿ, ತಡವಾದ ವಿಮಾನದ ಬಗ್ಗೆ ಘೋಷಣೆ ಮಾಡ್ತಿದ್ದ ಪೈಲಟ್ ಒಬ್ಬರಿಗೆ ಪ್ರಯಾಣಿಕ ಹೊಡೆದ ವಿಡಿಯೊ ನೀವೆಲ್ಲ ನೋಡಿರ್ತೀರಿ. ಅಂಥ ಕಡೆ ಪೊಲೀಸರಿಗೆ ಸಹಕರಿಸೋದೇ ನಮಗೆ ಒಳ್ಳೇದು. ದೂರು ನಮ್ಮ ಮೇಲೇ ಇದ್ದಾಗ ಮಾತು ಬೇರೆ.

ಸಾಕ್ಷಿಯಾಗಿ ಠಾಣೆಗೆ ಕರೆಯೋಕೆ ಸೆಕ್ಷನ್ 179ರ ಪ್ರಕಾರ ಲಿಖಿತ ಆದೇಶ ಬೇಕು. ಮಹಿಳೆಯರನ್ನು, ಅರವತ್ತು ದಾಟಿದವರನ್ನು ಸಾಕ್ಷಿಯಾಗಿ ಅವರು ವಾಸವಿರುವ ಜಾಗ ಬಿಟ್ಟು ಬೇರೆಡೆಗೆ ಬನ್ನಿ ಅಂತ ಒತ್ತಾಯಿಸುವಂತಿಲ್ಲ. ನಮ್ಮಲ್ಲಿ ಮಹಿಳಾ ಪೈಲಟ್‌ಗಳು ಬಹಳ ಇದ್ದಾರೆ, ರಾತ್ರಿ ಹಾರಾಟವೂ ಬಹಳ. ತಂಗಿಯಂದಿರೇ, ಇದನ್ನು ನೆನಪಿಡಿ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ, ತೀರಾ ವಿಶೇಷ ಸಂದರ್ಭ ಬಿಟ್ಟು, ಮಹಿಳೆಯನ್ನು ಬಂಧಿಸುವಂತೆಯೂ ಇಲ್ಲ.

ಮೂರನೆಯದು, ಬಾಯಿ. ಸೆಕ್ಷನ್ 180 ಹೇಳೋದು, ಕೇಳಿದ ಪ್ರಶ್ನೆಗೆ ನಿಜ ಹೇಳಬೇಕು. ಆದರೆ ಉತ್ತರದಿಂದ ನಮ್ಮ ಮೇಲೇ ಕ್ರಿಮಿನಲ್ ಆರೋಪ ಬರುವ ಹಾಗಿದ್ದರೆ ಆ ಪ್ರಶ್ನೆಗೆ ಉತ್ತರಿಸಬೇಕಾಗಿಲ್ಲ. ಸಂವಿಧಾನದ 20(3)ನೇ ವಿಧಿ ಕೂಡ ಇದನ್ನೇ ಹೇಳುತ್ತೆ. 1978ರಲ್ಲಿ ನಂದಿನಿ ಸತ್ಪತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ರಕ್ಷಣೆ ಕೋರ್ಟ್ ಕಟಕಟೆಯಲ್ಲಿ ಮಾತ್ರ ಅಲ್ಲ, ಪೊಲೀಸ್ ವಿಚಾರಣೆಯಿಂದಲೇ ಶುರು ಅಂತ ಹೇಳಿತು. ನಮ್ಮ ಕರ್ನಾಟಕದಿಂದ ಹೋದ ಸೆಲ್ವಿ ಪ್ರಕರಣದಲ್ಲಿ, 2010ರಲ್ಲಿ, ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಅಂತ ತೀರ್ಪಾಯಿತು.

ಆದರೆ ಒಂದು ಮಾತು. ಸುಮ್ಮನಿರೋದು ಹಕ್ಕು, ಸುಳ್ಳು ಹೇಳೋದು ಹಕ್ಕಲ್ಲ. ಹೆಸರು, ವಿಳಾಸ, ಕಂಪನಿ, ಫ್ಲೈಟ್ ನಂಬರ್ ಹೇಳಿ, ಗುರುತಿನ ಚೀಟಿ ತೋರಿಸಿ. ಅದರಾಚೆಗೆ, "ಸರ್, ಡ್ಯೂಟಿ ಮುಗಿಸಿ ಬಂದಿದ್ದೀನಿ, ದಣಿದಿದ್ದೀನಿ. ನೋಟಿಸ್ ಕೊಡಿ, ವಕೀಲರ ಜೊತೆ ಬಂದು ಎಲ್ಲ ಹೇಳ್ತೀನಿ" ಅನ್ನಿ. ದಣಿದವನು ವಿಮಾನ ಹಾರಿಸಬಾರದು ಅಂತ ನಿಯಮ ಇದೆ. ದಣಿದವನು ಹೇಳಿಕೆಯನ್ನೂ ಕೊಡಬಾರದು.

ನಾಲ್ಕನೆಯದು, ಸಹಿ. ಇದೇ ನನ್ನ ಪಾಠ. ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಹೇಳಿಕೆಗೆ ಹೇಳಿದವರ ಸಹಿ ಹಾಕಿಸಬಾರದು. ಸೆಕ್ಷನ್ 181ರಲ್ಲಿ ಸ್ಪಷ್ಟವಾಗಿದೆ, ಹಳೆಯ 162ರಲ್ಲೂ ಇತ್ತು. ನಾನು ಆ ರಾತ್ರಿ ಹಾಕಿದ ಸಹಿ ಕಾನೂನಿಗೇ ಬೇಡವಾಗಿತ್ತು! ಆ ಪ್ರಕರಣದ ಕೋರ್ಟ್‌ನಲ್ಲಿ ಅಂಥ ಹೇಳಿಕೆಗೆ ಬೆಲೆ ಬಹಳ ಕಡಿಮೆ. ಕಂಪನಿ ವಿಚಾರಣೆಯ ಮೇಜಿಗೆ ಆ ತಡೆ ಇಲ್ಲ. ಹಾಗಾಗಿ, ಸಹಿ ಕೇಳಿದರೆ "ಸೆಕ್ಷನ್ 181 ಪ್ರಕಾರ ಬೇಡ ಅಲ್ವಾ ಸರ್" ಅನ್ನಿ. ಬರೆದದ್ದನ್ನು ನಿಮಗೆ ಗೊತ್ತಿರೋ ಭಾಷೆಯಲ್ಲಿ ಓದಿ ಹೇಳೋಕೆ ಕೇಳಿ. ನೋಟಿಸ್ ಮುಟ್ಟಿದ್ದಕ್ಕೆ ಹಾಕೋ ಸಹಿ ಬೇರೆ. ಅದನ್ನೂ ಓದಿಯೇ ಹಾಕಿ, ಜೊತೆಗೆ ತಾರೀಖು, ಗಂಟೆ ಬರೆಯಿರಿ. ಮೊಬೈಲ್ ತೆಗೆದುಕೊಂಡರೆ ಜಪ್ತಿಯ ಪಟ್ಟಿ ಕೇಳಿ. ಜಪ್ತಿ ಪ್ರಕ್ರಿಯೆಯನ್ನು ವಿಡಿಯೊ ಮಾಡಬೇಕು ಅಂತ ಹೊಸ ಕಾನೂನಿನ ಸೆಕ್ಷನ್ 105 ಹೇಳುತ್ತೆ.

ಐದನೆಯದು, ಬಂಧನದ ಹೆದರಿಕೆ. ನಿರ್ಲಕ್ಷ್ಯದಿಂದ ಗಾಯವಾಯಿತು ಅಂತ ದೂರು ಬಂದರೆ ಭಾರತೀಯ ನ್ಯಾಯ ಸಂಹಿತೆಯ 125, ಸಾವಾದರೆ 106(1). ಎರಡೂ ಜಾಮೀನು ಸಿಗುವಂಥವು, ಎರಡಕ್ಕೂ ಶಿಕ್ಷೆ ಏಳು ವರ್ಷಕ್ಕಿಂತ ಕಡಿಮೆ. ಇಂಥ ಪ್ರಕರಣದಲ್ಲಿ ಬಂಧನ ಅಗತ್ಯವಿಲ್ಲದಿದ್ದರೆ ಸೆಕ್ಷನ್ 35(3)ರ ನೋಟಿಸ್ ಕೊಟ್ಟು ಕರೆಸಬೇಕು. ನೋಟಿಸ್‌ನಂತೆ ಹಾಜರಾಗುತ್ತಿದ್ದರೆ, ಕಾರಣ ಬರೆದಿಡದೆ ಬಂಧಿಸುವಂತಿಲ್ಲ. 2014ರ ಅರ್ನೇಶ್ ಕುಮಾರ್ ತೀರ್ಪು ಇದನ್ನೇ ಗಟ್ಟಿಯಾಗಿ ಹೇಳಿದೆ. ಹಾಗೂ ಬಂಧಿಸಿದರೆ ಕಾರಣ ತಿಳಿಸಬೇಕು, ನಿಮ್ಮ ಮನೆಯವರಿಗೆ ಸುದ್ದಿ ಹೋಗಬೇಕು, ವಿಚಾರಣೆ ನಡುವೆ ವಕೀಲರನ್ನು ಭೇಟಿಯಾಗಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಬಂಧನದ ಕಾರಣವನ್ನು ಬರಹದಲ್ಲಿ, ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು ಅಂತ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಓದೋಕೆ ಬಾರದ ಕಾಗದಕ್ಕೆ ಸಹಿ ಹಾಕಿದ ನನಗೆ ಆ ಸುದ್ದಿ ಓದಿ ಏನನ್ನಿಸಿರಬೇಕು, ನೀವೇ ಊಹಿಸಿ.

ಇನ್ನೊಂದು ತೀರ್ಪು ನಮಗೆ ತುಂಬ ಹತ್ತಿರದ್ದು. 2022ರ ಆಗಸ್ಟ್ 31ರಂದು ಜಾರ್ಖಂಡ್‌ನ ದೇವಘರ್ ವಿಮಾನ ನಿಲ್ದಾಣದಲ್ಲಿ, ಹೊತ್ತು ಮುಳುಗಿದ ಮೇಲೆ ಟೇಕಾಫ್‌ಗೆ ಅನುಮತಿ ಕೊಡಿ ಅಂತ ಒತ್ತಡ ಹಾಕಿದರು ಎಂದು ಇಬ್ಬರು ಸಂಸದರೂ ಸೇರಿದಂತೆ ಕೆಲವರ ಮೇಲೆ ಸ್ಥಳೀಯ ಪೊಲೀಸರು ಎಫ್‌ಐಆರ್ ಹಾಕಿದರು. ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ವಿಮಾನ ಕಾಯ್ದೆಯ ಅಪರಾಧಗಳಿಗೆ ಆ ಕಾಯ್ದೆಯದ್ದೇ ದಾರಿ ಇದೆ, ಪೊಲೀಸರು ಸಂಗ್ರಹಿಸಿದ ಮಾಹಿತಿಯನ್ನು ಅಧಿಕೃತ ಅಧಿಕಾರಿಗೆ ಕಳಿಸಬಹುದು, ದೂರು ಕೊಡಬೇಕೋ ಬೇಡವೋ ಅನ್ನೋದು ಅವರ ತೀರ್ಮಾನ ಅಂತ ಹೇಳಿತು. ಅಂದ್ರೆ ಹಾರಾಟದ ನಿಯಮ ಮುರಿದಿದ್ದೀರಾ ಅನ್ನೋದನ್ನು ಹಾರಾಟ ಬಲ್ಲವರು ಮೊದಲು ನೋಡಬೇಕು. ಆದರೆ ಗಾಯ, ಸಾವು, ಹೊಡೆದಾಟದಂಥ ಸಾಮಾನ್ಯ ಅಪರಾಧದ ದೂರಿಗೆ ಈ ಗುರಾಣಿ ಸಿಗಲ್ಲ.

ಇಷ್ಟು ಹೇಳಿದ್ದು ಪೊಲೀಸರ ಜೊತೆ ಜಗಳ ಆಡೋಕಲ್ಲ. ಅವರೂ ರಾತ್ರಿ ಪಾಳಿಯವರೇ, ನಮ್ಮ ಹಾಗೆಯೇ. ಧ್ವನಿ ಏರಿಸಬೇಡಿ, ಮೈಮುಟ್ಟಿ ತಡೆಯಬೇಡಿ, ಜಾಗ ಬಿಟ್ಟು ಓಡಬೇಡಿ. ಕಂಪನಿಯ ಡ್ಯೂಟಿ ಮ್ಯಾನೇಜರ್‌ಗೆ ಫೋನ್ ಮಾಡಿ, ಆಮೇಲೆ ನಿಮ್ಮದೇ ವಕೀಲರಿಗೆ. ಕಂಪನಿಯ ವಕೀಲರು ಕಂಪನಿಯ ವಕೀಲರು, ನೆನಪಿರಲಿ. ಉಸಿರಿನ ಪರೀಕ್ಷೆಗೆ ಹಿಂಜರಿಯಬೇಡಿ, ಕುಡಿದಿಲ್ಲ ಅನ್ನೋದಕ್ಕೆ ಅದೇ ನಿಮ್ಮ ಸಾಕ್ಷಿ.

ಆ ಹುಡುಗ ಈಗ ಕ್ಯಾಪ್ಟನ್. ಹೋದ ವರ್ಷ ಫೋನ್ ಮಾಡಿದ್ದ. "ಸರ್, ಪ್ರಯಾಣಿಕರೊಬ್ಬರಿಗೆ ಹೃದಯಾಘಾತ ಆಯ್ತು, ಪೊಲೀಸ್ ಬಂದಿದ್ರು. ಹೆಸರು ಹೇಳಿದೆ, ನೋಟಿಸ್ ಕೇಳಿದೆ, ಮಾರನೇ ದಿನ ವಕೀಲರ ಜೊತೆ ಹೋಗಿ ಹೇಳಿಕೆ ಕೊಟ್ಟೆ. ಸಹಿ ಹಾಕಿಲ್ಲ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದೆ" ಅಂದ. ನಾನು ಅವನಿಗೆ ಕಲಿಸಬೇಕಾಗಿದ್ದನ್ನು ಅವನೇ ಕಲಿತುಕೊಂಡ. ನೀವು ಪೆಟ್ಟು ತಿನ್ನದೆ ಕಲಿಯಿರಿ ಅಂತಲೇ ಈ ಮಾತು. ನಿಮ್ಮ ಪರಿಚಯದ ಪೈಲಟ್‌ಗಳಿದ್ದರೆ, ಕ್ಯಾಬಿನ್ ಸಿಬ್ಬಂದಿ ಇದ್ದರೆ ಅವರಿಗೂ ತಲುಪಿಸಿ.