ಬಿಚ್ಚಿದ ಹೆಡೆಯ ಅರ್ಥ

ನಾಗರಹಾವು ಹೆಡೆ ಎತ್ತಿತೆಂದರೆ ಕಚ್ಚಲು ಸಜ್ಜಾಯಿತು ಎಂದೇ ನಾವು ತಿಳಿಯುತ್ತೇವೆ. ಕಟ್ಟೆಯ ಮೇಲಿನ ನಾಗರಕಲ್ಲಿಗೆ ಕೈಮುಗಿಯುವವರೂ ಹಿತ್ತಲಲ್ಲಿ ಜೀವಂತ ಹೆಡೆ ಕಂಡರೆ ದೊಣ್ಣೆ ಹುಡುಕುವುದು ಈ ತಿಳಿವಳಿಕೆಯಿಂದಲೇ. ಕಚ್ಚುವ ಪ್ರಸಂಗವೇ ಬಾರದಿರಲಿ ಎಂದು ಹಾವು ಹೂಡುವ ಉಪಾಯ ಹೆಡೆ ಎಂಬುದು ಈ ಸಂಜೆ ನಾನು ಮುಂದಿಡುವ ವಾದ.

ಮೊದಲು ಹೆಡೆಯನ್ನೇ ನೋಡೋಣ. ನಾಗರನ ಕತ್ತಿನ ಪಕ್ಕೆಲುಬುಗಳು ಉದ್ದ. ಹಾವು ನೆಮ್ಮದಿಯಾಗಿದ್ದಾಗ ಅವು ಹಿಂದಕ್ಕೆ ಮಲಗಿರುತ್ತವೆ, ಕತ್ತು ಯಾವ ಹಾವಿನದೋ ಎಂಬಷ್ಟು ಸಪೂರವಾಗಿ ಕಾಣುತ್ತದೆ. ಗಾಬರಿಯಾದೊಡನೆ ಸ್ನಾಯುಗಳು ಆ ಎಲುಬುಗಳನ್ನು ಕೊಡೆಯ ಕಡ್ಡಿಗಳಂತೆ ಪಕ್ಕಕ್ಕೆ ಎಳೆಯುತ್ತವೆ. ಚರ್ಮ ಬಿಗಿಯುತ್ತದೆ, ಹುರುಪೆಗಳು ಒಂದರಿಂದೊಂದು ದೂರ ಸರಿದು ನಡುವಿನ ತೊಗಲು ಇಣುಕುತ್ತದೆ. ಕನ್ನಡಕದಂಥ ಗುರುತು ಇರುವುದು ಹೆಡೆಯ ಬೆನ್ನಿಗೆ. ಎದುರು ನಿಂತವರಿಗೆ ಕಾಣುವುದು ಗಂಟಲ ಕೆಳಗಿನ ಕಪ್ಪು ಪಟ್ಟೆಗಳು ಮಾತ್ರ. ಚಿತ್ರಪಟಗಳಲ್ಲಿ ಎರಡನ್ನೂ ಒಂದೇ ಬದಿಗೆ ಬರೆದುಬಿಡುತ್ತಾರೆ, ಇರಲಿ. ಗಮನಿಸಬೇಕಾದದ್ದು ಬೇರೆ. ಇಲಿ ಹಿಡಿಯಲು ಹೊರಟ ನಾಗರ ಹೆಡೆ ಬಿಚ್ಚುತ್ತಾ ಬುಸುಗುಟ್ಟುತ್ತಾ ಹೋಗುವುದಿಲ್ಲ, ಸದ್ದಿಲ್ಲದೆ ಬಳಿ ಸಾರಿ ಕಚ್ಚುತ್ತದೆ. ಬೇಟೆಗೆ ಬೇಡವಾದ ಆಡಂಬರ ನಮ್ಮೆದುರು ಏಕೆ? ನಾವು ಅದರ ಬಾಯಿಗೆ ಹಿಡಿಯುವ ತುತ್ತಲ್ಲ. ಖಾಲಿಯಾದ ವಿಷದ ಚೀಲ ಮತ್ತೆ ತುಂಬಲು ದಿನಗಳು ಬೇಕು. ನುಂಗಲಾಗದ ಪ್ರಾಣಿಯ ಮೇಲೆ ಅದನ್ನು ಸುರಿದರೆ ನಾಳಿನ ಇಲಿಗೆ ಕೊರತೆ. ಜೊತೆಗೆ ನಾಗರನ ವಿಷದ ಹಲ್ಲು ಗಿಡ್ಡ, ಮಂಡಲದ ಹಲ್ಲಿನ ಹಾಗೆ ಮಡಚಿ ಬಿಚ್ಚುವಂಥದ್ದೂ ಅಲ್ಲ. ಕಚ್ಚಬೇಕಾದರೆ ಮೈಗೆ ಮೈ ತಾಗಬೇಕು, ಅಷ್ಟರಲ್ಲಿ ಎಮ್ಮೆಯ ಒಂದು ಗೊರಸು ಬಿದ್ದರೆ ಬೆನ್ನು ಮುರಿಯುತ್ತದೆ. ಆದ್ದರಿಂದಲೇ ಎಷ್ಟೋ ಸಲ ಅದು ಬಾಯಿ ಮುಚ್ಚಿಕೊಂಡು ಬರೀ ಮೂತಿಯಿಂದ ಗುದ್ದಿ ಹಿಂದೆ ಸರಿಯುವುದು.

ಹಾಗಾದರೆ ಇಷ್ಟು ಜನ ಸಾಯುವುದೇಕೆ ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತಕ್ಕೆ ಸುಮಾರು 12 ಲಕ್ಷ ಮಂದಿ ಬಲಿಯಾದರೆಂದು ಅಂದಾಜಿದೆ. ಈ ಲೆಕ್ಕದಲ್ಲಿ ಕೊಳಕುಮಂಡಲ, ಕಟ್ಟುಹಾವುಗಳ ಪಾಲೂ ಇದೆ. ನಾಗರನ ಪಾಲಿನ ಮಟ್ಟಿಗೆ ಹೇಳುವುದಾದರೆ, ಹೆಡೆ ಕೆಲಸ ಮಾಡಲು ಒಂದೆರಡು ಕ್ಷಣದ ಬಿಡುವು, ಒಂದಿಷ್ಟು ಅಂತರ, ನೋಡುವಷ್ಟು ಬೆಳಕು ಬೇಕು. ಕತ್ತಲಲ್ಲಿ ಗದ್ದೆಯ ಬದುವಿನ ಮೇಲೆ ಬರಿಗಾಲಲ್ಲಿ ತುಳಿದಾಗ, ಸೌದೆ ರಾಶಿಯೊಳಗೆ ಕೈಯಿಟ್ಟಾಗ ಈ ಮೂರೂ ಇರುವುದಿಲ್ಲ. ಎಚ್ಚರಿಕೆಗೆ ಎಡೆಯಿಲ್ಲದ ಕಡೆ ಕಡಿತ ಹೆಚ್ಚುತ್ತದೆ ಎಂಬುದು ನನ್ನ ವಾದಕ್ಕೆ ಒದಗುತ್ತದೆಯೇ ಹೊರತು ಅದನ್ನು ಮುರಿಯುವುದಿಲ್ಲ. ನಾಗರ ಹನ್ನೆರಡು ವರ್ಷ ಹಗೆ ಸಾಧಿಸುತ್ತದೆ ಎಂಬ ಮಾತಿಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ; ಆಳಿನ ಗುರುತು ಹಿಡಿದು ಹಗೆ ಕಾಯುವ ಮಿದುಳು ಹಾವಿಗಿಲ್ಲ. ಪುಂಗಿಯ ಮುಂದೆ ಅದು ತೂಗುವುದೂ ನಾದಕ್ಕೆ ಮರುಳಾಗಿ ಅಲ್ಲ, ಆಡುವ ಪುಂಗಿಯ ಮೇಲೆ ಕಣ್ಣಿಟ್ಟು.

ಕೊನೆಯ ಆಕ್ಷೇಪ ಮಂತ್ರದ್ದು. ನಾಗರ ಕಚ್ಚಿಯೂ ಮಂತ್ರ ಹಾಕಿಸಿಕೊಂಡು ಬದುಕಿದವರು ಊರೂರಲ್ಲಿ ಇದ್ದಾರಲ್ಲ? ಇದ್ದಾರೆ. ನಾಗರನ ಎಲ್ಲ ಕಡಿತದಲ್ಲೂ ವಿಷ ಇಳಿಯುವುದಿಲ್ಲ. ಬೆದರಿಸಲೆಂದು ಕಚ್ಚಿ ವಿಷವನ್ನು ಉಳಿಸಿಕೊಳ್ಳುವುದುಂಟು. ವಿಷ ಇಳಿದಿದ್ದರೆ ಕಚ್ಚಿದ ಜಾಗ ಬಾತು, ರೆಪ್ಪೆ ಜೋತುಬಿದ್ದು, ಮಾತು ತೊದಲಿ, ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಆಗ ಬೇಕಾದದ್ದು ಕುದುರೆಯ ರಕ್ತದಿಂದ ತಯಾರಿಸಿದ ಪ್ರತಿವಿಷ, ಅದಿರುವ ಆಸ್ಪತ್ರೆ. ಇಳಿಯದಿದ್ದರೆ ಮನುಷ್ಯ ಹೇಗೂ ಎದ್ದು ಕೂರುತ್ತಾನೆ, ಹಾವು ತೋರಿದ ಆ ಜಿಪುಣತನಕ್ಕೆ ಮಂತ್ರವಾದಿ ತೆಂಗಿನಕಾಯಿ, ದಕ್ಷಿಣೆ ತೆಗೆದುಕೊಂಡು ಹೋಗುತ್ತಾನೆ.